ಮೂರು ಬೆರಳು ಮಡಿಸಿಕೊಂಡು ನಿಂತಿದ್ದ ಹುಡುಗಿ

ಕಳೆದ ಭಾನುವಾರ ಸಂಜೆ ಅಕ್ಕನನ್ನು ಶಿರಾ ಬಸ್ಸಿಗೆ ಹತ್ತಿಸಲು ತುಮಕೂರಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಬೆಂಗಳೂರಿನಿಂದ ಬಂದ ಬಸ್ಸಿನಿಂದ ಒಬ್ಬರು ಏಳೆಂಟು ವರ್ಷದ ಹುಡುಗಿಯ ಕೈ ಹಿಡಿದುಕೊಂಡು ಇಳಿದರು. ನಾಲ್ಕು ಮಾರು ದೂರದಲ್ಲಿ, ಕಂಬದ ಪಕ್ಕ, ಹುಡುಗಿಯ ತಾಯಿ ನಿಂತಿದ್ದರು. ಅಪ್ಪ ಅಷ್ಟು ದೂರವನ್ನೂ ನಡೆಯಲಿಲ್ಲ. ಇಳಿದಲ್ಲೇ ನಿಂತು, ಬಗ್ಗಿ, ಮಗಳ ಚೀಲದ ಪಟ್ಟಿ ಸರಿಮಾಡುತ್ತಾ ಹೇಳಿದರು: "ವ್ಯಾನಿನ ದುಡ್ಡು ಹಾಕಿದೀನಿ ಅಂತ ಅಮ್ಮಂಗೆ ಹೇಳು. ಮುಂದಿನ ವಾರ ಬರಕ್ಕಾಗಲ್ಲ ಅಂತ ಹೇಳು. ಅಜ್ಜಿ ಫೋನ್ ಮಾಡಿದ್ರೆ ಎತ್ತಬೇಕಂತೆ, ಅದನ್ನೂ ಹೇಳು." ಹುಡುಗಿ ಒಂದೊಂದು ಮಾತಿಗೂ ಒಂದೊಂದು ಬೆರಳು ಮಡಿಸಿಕೊಂಡಳು. ಮಡಿಸಿದ ಕೈಯನ್ನು ಹಾಗೇ ಎದೆಗೆ ಹಿಡಿದುಕೊಂಡು ತಾಯಿಯ ಬಳಿ ಹೋದಳು. ತಾಯಿ ತಲೆ ಸವರಿದರು, ಆದರೆ ಸವರುತ್ತಲೇ ಕೇಳಿದ್ದು, "ಸ್ವೆಟರ್ ಎಲ್ಲೇ? ಹೋಗಿ ನಿಮ್ಮಪ್ಪನ್ನ ಕೇಳ್ಕೊಂಡು ಬಾ." ಹುಡುಗಿ ವಾಪಸ್ ಬಂದಳು. "ಮನೇಲೇ ಇದೆ ಅಂತ ಹೇಳು" ಎಂದರು ಅಪ್ಪ. ಮತ್ತೆ ಹೋದಳು. ಅಷ್ಟರಲ್ಲಿ ಮೂರನೆಯ ಬೆರಳಿನ ಮಾತು ಅವಳಿಗೆ ಮರೆತುಹೋಗಿತ್ತು. ಮಡಿಸಿದ ಆ ಬೆರಳನ್ನೇ ನೋಡುತ್ತಾ ಸುಮ್ಮನೆ ನಿಂತುಬಿಟ್ಟಳು.

ಅಕ್ಕ ನನ್ನ ತೋಳು ಹಿಡಿದುಕೊಳ್ಳದಿದ್ದರೆ ಆ ಇಬ್ಬರ ನಡುವೆ ಹೋಗಿ ನಿಂತು ಏನು ಮಾತಾಡಿಬಿಡುತ್ತಿದ್ದೆನೋ ಗೊತ್ತಿಲ್ಲ. ಅಂದಿನಿಂದ ಮೂರು ರಾತ್ರಿ ನಿದ್ದೆ ಸರಿಯಾಗಿಲ್ಲ. ನಾನು ಶಾಲೆಯಲ್ಲಿ ಪಾಠ ಮಾಡುವವಳು, ವಿಚ್ಛೇದನವಾದ ಮೇಲೆ ಮಗನನ್ನು ಬೆಳೆಸಿದವಳು. ಆ ದೃಶ್ಯ ನನಗೆ ಏಕೆ ಇಷ್ಟು ನಾಟಿತೆಂದು ಮುಂದೆ ಹೇಳುತ್ತೇನೆ. ವಿಚ್ಛೇದನದ ನಂತರ ಮಗುವನ್ನು ಇಬ್ಬರೂ ಸೇರಿ ಬೆಳೆಸುವುದು, ಅಂದರೆ ಜಂಟಿ ಸುಪರ್ದಿ, ಒಳ್ಳೆಯದೋ ಕೆಟ್ಟದ್ದೋ ಎಂದು ಸ್ಟಾಫ್ ರೂಮಿನಲ್ಲಿಯೂ ನೆಂಟರ ಮನೆಯಲ್ಲಿಯೂ ನನ್ನನ್ನು ಕೇಳುವವರು ಬಹಳ. ಇಷ್ಟು ದಿನ ಜಾರಿಕೊಳ್ಳುತ್ತಿದ್ದೆ. ಈಗ ಉತ್ತರಿಸುತ್ತೇನೆ. ಒಳ್ಳೆಯದು. ಆದರೆ ಅದರ ಭಾರವನ್ನು ಅಪ್ಪ ಅಮ್ಮ ಹೊರಬೇಕು. ನಮ್ಮಲ್ಲಿ ಅದನ್ನು ಮಗುವಿನ ಹೆಗಲಿಗೆ ಹಾಕಿ ನಾವು ಕಂಬದ ಪಕ್ಕ ನಿಂತುಬಿಡುತ್ತೇವೆ. ನನ್ನ ತಕರಾರು ಇರುವುದು ಇದೊಂದರ ಬಗ್ಗೆಯೇ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರಲ್ಲಿ ಈ ಬಗ್ಗೆ ತಪ್ಪು ತಿಳಿವಳಿಕೆ ಬಹಳಷ್ಟಿದೆ. ಇಂದಿಗೂ ನ್ಯಾಯಾಲಯಗಳು ಆಧರಿಸುವುದು ಬ್ರಿಟಿಷರ ಕಾಲದ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯನ್ನು. ಹಿಂದೂಗಳಿಗೆ ಅದರ ಜೊತೆಗೆ 1956ರ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯಿದೆ. ಈ ಎರಡನೆಯದರಲ್ಲಿ ಮಗುವಿನ ಸಹಜ ಪೋಷಕ ತಂದೆ, 'ಆತನ ನಂತರ' ತಾಯಿ ಎಂದು ಬರೆದಿದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಇದೆ. ಎಲ್ಲಕ್ಕಿಂತ ಮಗುವಿನ ಹಿತವೇ ದೊಡ್ಡದು ಎಂಬ ಮಾತೂ ಅದರಲ್ಲಿಯೇ ಇದೆ. 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದು ಮಾತ್ರ ಅರ್ಥ ಮಾಡಬೇಕಾಗಿಲ್ಲ, ತಂದೆ ಯಾವ ಕಾರಣಕ್ಕಾದರೂ ಹೊಣೆ ಹೊರದಿದ್ದಾಗ ಎಂದೂ ಆಗುತ್ತದೆ ಎಂದು ಸುಪ್ರೀಂ ಕೋರ್ಟು 1999ರಲ್ಲಿ ಬಿಡಿಸಿ ಹೇಳಿತು. ಮಕ್ಕಳು ತಂದೆತಾಯಿಯರ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಅದೇ ನ್ಯಾಯಾಲಯ 1973ರಷ್ಟು ಹಿಂದೆಯೇ ಹೇಳಿತ್ತು. ಜಂಟಿ ಸುಪರ್ದಿಯನ್ನು ಒಂದು ದಾರಿಯಾಗಿ ಕಾಯ್ದೆಯಲ್ಲಿಯೇ ಸೇರಿಸಬೇಕು ಎಂದು ಕೇಂದ್ರದ ಕಾನೂನು ಆಯೋಗ 2015ರ ಮೇ ತಿಂಗಳಲ್ಲಿ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತು.

ಆ ಶಿಫಾರಸಿಗೂ ಮೊದಲೇ, 2013ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟಿನ ದ್ವಿಸದಸ್ಯ ಪೀಠ ಒಂದು ಪ್ರಕರಣದಲ್ಲಿ ಇಂಥ ವ್ಯವಸ್ಥೆಯನ್ನು ಮಾಡಿಕೊಟ್ಟಿತ್ತು. ಜನವರಿ 1ರಿಂದ ಜೂನ್ 30ರವರೆಗೆ ಮಗು ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ. ಒಬ್ಬರ ಬಳಿ ಇರುವಾಗ ಶನಿವಾರ ಭಾನುವಾರ ಇನ್ನೊಬ್ಬರಿಗೆ ಭೇಟಿಯ ಹಕ್ಕು. ಓದಿನ ಖರ್ಚು ಸಮಪಾಲು. ಫೋನಿನಲ್ಲಿಯೋ ವಿಡಿಯೋ ಕರೆಯಲ್ಲಿಯೋ ಇನ್ನೊಬ್ಬರೊಡನೆ ಮಾತಾಡಲು ಮಗುವಿಗೆ ಅವಕಾಶ ಕೊಡಬೇಕು. ಈ ಕೊನೆಯ ಸಾಲನ್ನು ಮೊದಲ ಬಾರಿ ಓದಿದಾಗ ನನಗೆ ಕಣ್ಣು ತುಂಬಿಬಂದಿತ್ತು. ತಾಯಿಯೊಡನೆ ಫೋನಿನಲ್ಲಿ ಮಾತಾಡಲು ಮಗುವನ್ನು ಬಿಡಿ ಎಂದು ಉಚ್ಚ ನ್ಯಾಯಾಲಯ ಬರೆದುಕೊಡಬೇಕಾಗಿ ಬರುತ್ತದೆ ಎಂದರೆ ದೊಡ್ಡವರು ಎಂಥ ಸ್ಥಿತಿಗೆ ತಲುಪಿರುತ್ತೇವೆ ಎಂದು ಯೋಚಿಸಿ.

ಆದರೆ ಇಪ್ಪತ್ತೊಂದು ವರ್ಷ ಪಾಠ ಮಾಡಿದವಳಾಗಿ ಒಂದು ಮಾತು ಸೇರಿಸುತ್ತೇನೆ. ನ್ಯಾಯಾಲಯದ ಕ್ಯಾಲೆಂಡರ್ ಬೇರೆ, ಶಾಲೆಯ ಕ್ಯಾಲೆಂಡರ್ ಬೇರೆ. ನಮ್ಮ ಶಾಲೆಗಳಲ್ಲಿ ವರ್ಷ ಶುರುವಾಗುವುದು ಜೂನ್ ಹೊತ್ತಿಗೆ, ವಾರ್ಷಿಕ ಪರೀಕ್ಷೆ ಮುಗಿಯುವುದು ಏಪ್ರಿಲ್ ಹೊತ್ತಿಗೆ. ಎರಡೂ ಮನೆ ಒಂದೇ ಶಾಲೆಗೆ ಹತ್ತಿರವಿದ್ದರೆ ಆರಾರು ತಿಂಗಳ ಹಂಚಿಕೆ ನಡೆದೀತು. ಒಂದು ಮನೆ ತುಮಕೂರಿನ ಬಟವಾಡಿಯಲ್ಲಿ, ಇನ್ನೊಂದು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಬೆಂಗಳೂರಿನ ದಾಸರಹಳ್ಳಿಯಲ್ಲಿ ಇದ್ದರೆ ನಡೆಯುವುದಿಲ್ಲ. ಅಂಥಲ್ಲಿ ಉಳಿಯುವುದು ವಾರಾಂತ್ಯ ಒಂದೇ. ಆ ವಾರಾಂತ್ಯ ಹೇಗಿರುತ್ತದೆಂಬುದು ಸೋಮವಾರದ ಮೊದಲ ಪೀರಿಯಡ್‌ನಲ್ಲಿ ನನಗೆ ಕಾಣುತ್ತದೆ. ಹೋಂವರ್ಕ್ ಆಗಿರುವುದಿಲ್ಲ, ಪುಸ್ತಕ ಆ ಮನೆಯಲ್ಲಿ ಉಳಿದಿರುತ್ತದೆ, ಮಗು ಮಾಲ್‌ನಲ್ಲಿ ತಿಂದದ್ದನ್ನು ಹೇಳುತ್ತಾ ಹೇಳುತ್ತಾ ನಡುವೆ ತಟ್ಟನೆ ಸುಮ್ಮನಾಗುತ್ತದೆ. ಈ ಮನೆಯಲ್ಲಿ ಅದನ್ನು ಹೇಳುವ ಹಾಗಿಲ್ಲ ಎಂಬುದು ಅದಕ್ಕೆ ಶಾಲೆಯಲ್ಲಿಯೂ ನೆನಪಾಗುತ್ತದೆ.

ಭಾನುವಾರ ಮಾತ್ರ ಸಿಗುವ ಅಪ್ಪಂದಿರನ್ನು ನಾನು ದೂರುತ್ತಿಲ್ಲ. ಅವರಲ್ಲಿ ಎಷ್ಟೋ ಜನ ಅಷ್ಟಾದರೂ ಸಿಕ್ಕಿತಲ್ಲ ಎಂದು ಬರುವವರು. ನನ್ನ ಮಾತು ಇಷ್ಟೇ: ಮಗುವಿನ ಬದುಕು ಇರುವುದು ಮಂಗಳವಾರದಲ್ಲಿ, ಬುಧವಾರದಲ್ಲಿ. ಮಗ್ಗಿ ಒಪ್ಪಿಸುವುದು, ಹೊಟ್ಟೆನೋವೆಂದು ಶಾಲೆ ತಪ್ಪಿಸಲು ನೋಡುವುದು, ಸಾರು ಖಾರವೆಂದು ತಟ್ಟೆ ತಳ್ಳುವುದು, ಕಿತ್ತುಹೋದ ಗುಂಡಿಯನ್ನು ಬೆಳಿಗ್ಗೆ ಎಂಟಕ್ಕೆ ತಂದು ತೋರಿಸುವುದು, ಇವುಗಳನ್ನೆಲ್ಲ ಒಬ್ಬರೇ ನೋಡಿಕೊಂಡು, ಪಾರ್ಕು ಮತ್ತು ಐಸ್‌ಕ್ರೀಮು ಇನ್ನೊಬ್ಬರ ಪಾಲಾದರೆ ಅದನ್ನು ಹಂಚಿಕೆ ಎನ್ನಲಾಗದು. ಮೊದಲನೆಯವರು ಮಗುವಿನ ಕಣ್ಣಿಗೆ ಬೈಯುವವರಾಗಿಯೇ ಉಳಿಯುತ್ತಾರೆ. ಎರಡನೆಯವರು ನೆಂಟರಾಗುತ್ತಾರೆ. ಇಬ್ಬರಿಗೂ ಇದು ನಷ್ಟ.

ಇನ್ನು ನನ್ನ ವಿಷಯ. ಇದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ.

ಮಗ ಒಂದನೇ ತರಗತಿಯಲ್ಲಿದ್ದಾಗ ನಮ್ಮ ಮದುವೆ ಪರಸ್ಪರ ಒಪ್ಪಿಗೆಯ ಮೇಲೆ ಮುಗಿಯಿತು. ಮಗು ನನ್ನ ಬಳಿ, ಎರಡು ವಾರಕ್ಕೊಂದು ಭಾನುವಾರ ಅವನ ಅಪ್ಪನಿಗೆ. ಕಾಗದದ ಮೇಲೆ ಇಬ್ಬರೂ ಸಹಿ ಹಾಕಿದ್ದೆವು. ಆ ವರ್ಷ ನಾನು ಮೂರು ಬಾರಿ ಮಗುವಿಗೆ ಜ್ವರವೆಂದು ಸುಳ್ಳು ಹೇಳಿದೆ. ಮೂರನೆಯ ಬಾರಿ ಅವರು ನನ್ನ ಸಂದೇಶ ನೋಡುವ ಮೊದಲೇ ಬೆಳಗಿನ ರೈಲು ಹತ್ತಿಬಿಟ್ಟಿದ್ದರು. ಮನೆಯ ಗೇಟಿನವರೆಗೆ ಬಂದರು. ಮಲಗಿದ್ದಾನೆ, ಎಬ್ಬಿಸುವುದು ಬೇಡ ಎಂದೆ. ಕೈಯಲ್ಲಿದ್ದ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಗೇಟಿನ ಮೇಲಿಂದ ನನಗೆ ಕೊಟ್ಟು ಹೋದರು. ಆ ಡಬ್ಬಿಯನ್ನು ಮಗನಿಗೆ ಕೊಡಲು ನನಗೆ ಧೈರ್ಯ ಬರಲಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಕಳೆದ ವರ್ಷ, ಮೊದಲ ಪಿಯುಸಿಯಲ್ಲಿದ್ದಾಗ, ಮಗ ಊಟಕ್ಕೆ ಕುಳಿತು ತಟ್ಟೆ ನೋಡುತ್ತಾ ಹೇಳಿದ: "ಅಮ್ಮ, ಅವತ್ತು ನಾನು ಟೆರೇಸ್ ಮೇಲಿದ್ದೆ. ಅಪ್ಪ ಬಂದು ಹೋಗಿದ್ದು ನೋಡ್ದೆ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ." ಹತ್ತು ವರ್ಷ ಆ ಮಗು ನನ್ನ ಸುಳ್ಳನ್ನು ತಾನು ಹೊತ್ತುಕೊಂಡು ಓಡಾಡಿದೆ. ಬಸ್ ನಿಲ್ದಾಣದ ಆ ಹುಡುಗಿಯ ಮಡಿಸಿದ ಬೆರಳುಗಳಲ್ಲಿ ನನಗೆ ಕಂಡದ್ದು ಇದು. ಆ ಅಪ್ಪ ಅಮ್ಮನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಲಿನದೇ.

ನಮ್ಮನ್ನು ಸರಿದಾರಿಗೆ ತಂದವರು ನನ್ನ ಅಮ್ಮ. ಮಗನಿಗೆ ನಿಜವಾಗಿಯೇ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ ರಾತ್ರಿ, ನನ್ನನ್ನು ಕೇಳದೆ ಮಗನ ಅಪ್ಪನಿಗೆ ಫೋನ್ ಮಾಡಿ ಕರೆಸಿದರು. "ಅವರ ಮಗೂನ ಅವರೂ ನೋಡ್ಕೊಳ್ಳಲಿ ಬಿಡಮ್ಮ, ನೀನೊಬ್ಳೇ ಎಷ್ಟು ರಾತ್ರಿ ಎದ್ದಿರ್ತೀಯ" ಎಂದರು. ಅವರು ಬಂದರು. ಎರಡು ರಾತ್ರಿ ಸರದಿಯಲ್ಲಿ ಎದ್ದಿದ್ದೆವು. ಮರುವರ್ಷ ಅವರು ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆ ಹಿಡಿದು, ಪಾಸ್ ಮಾಡಿಸಿಕೊಂಡು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರಲು ಶುರುಮಾಡಿದರು. ಅವರು ಬರುವುದು ತಡವಾದರೆ ಪಕ್ಕದ ಬೀದಿಯ ಅವರ ತಂಗಿ ಮಗನನ್ನು ನೋಡಿಕೊಳ್ಳುತ್ತಿದ್ದರು. ಸೋಮವಾರದಿಂದ ಬುಧವಾರದವರೆಗೆ ಮಗ ಅಲ್ಲಿ, ಗುರುವಾರದಿಂದ ನನ್ನಲ್ಲಿ, ಭಾನುವಾರ ಒಂದು ವಾರ ಅವರಿಗೆ, ಒಂದು ವಾರ ನನಗೆ.

ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ಎಲ್ಲವೂ ಎರಡೆರಡು ಬೇಕು: ಯೂನಿಫಾರ್ಮ್ ಎರಡು ಜೊತೆ, ಜಾಮಿಟ್ರಿ ಬಾಕ್ಸ್ ಎರಡು, ಹಲ್ಲುಜ್ಜುವ ಬ್ರಷ್ ಎರಡು, ಮನೆ ಬಾಡಿಗೆಯೂ ಎರಡು. ಇಷ್ಟಾದರೂ ಗಣಿತದ ನೋಟ್‌ಬುಕ್ ಸದಾ ಬೇರೆ ಮನೆಯಲ್ಲಿಯೇ ಇರುತ್ತಿತ್ತು. ಅಲ್ಲಿ ಮೊಬೈಲ್ ಒಂಬತ್ತರವರೆಗೆ, ಇಲ್ಲಿ ಏಳರವರೆಗೆ ಎಂಬುದನ್ನು ಮಗ ಬೇಗ ಕಂಡುಕೊಂಡು "ಅಪ್ಪ ಬಿಡ್ತಾರೆ" ಎನ್ನಲು ಕಲಿತ. ಅಲ್ಲಿಯೂ "ಅಮ್ಮ ಬಿಡ್ತಾಳೆ" ಎನ್ನುತ್ತಿದ್ದನಂತೆ. ಅದಕ್ಕೆ ಔಷಧವಾದದ್ದು ಬುಧವಾರ ರಾತ್ರಿ ಒಂಬತ್ತೂವರೆಯ ಫೋನು. ಮಗ ಮಲಗಿದ ಮೇಲೆ ನಾವಿಬ್ಬರೇ ನೇರವಾಗಿ ಮಾತಾಡುತ್ತಿದ್ದೆವು. ಅವನ ಊಟ, ಓದು, ಕೆಮ್ಮು, ಯಾರಿಗೆ ಎಷ್ಟು ದುಡ್ಡು ಕೊಡಬೇಕು, ಅಷ್ಟೇ. ನಮ್ಮ ಹಳೆಯದೊಂದೂ ಬೇಡ ಎಂದು ಕರಾರು. ಮೊದಮೊದಲು ಆ ಹತ್ತು ನಿಮಿಷಕ್ಕೆ ನನ್ನ ಕೈ ನಡುಗುತ್ತಿತ್ತು. ಕೆಲವು ಬಾರಿ ಇಟ್ಟ ಮೇಲೆ ಅತ್ತಿದ್ದೇನೆ. ಆದರೂ ಮಾಡಿದೆ, ಅವರೂ ಮಾಡಿದರು. ಯುಗಾದಿ ಒಂದು ಮನೆಯಲ್ಲಿ, ಮರುದಿನದ ಹೊಸತೊಡಕು ಇನ್ನೊಂದು ಮನೆಯಲ್ಲಿ ಎಂದು ತೀರ್ಮಾನವಾದದ್ದು ಆ ಫೋನಿನಲ್ಲಿಯೇ. ಒಂದು ದಿನವೂ "ನಿಮ್ಮಪ್ಪಂಗೆ ಹೇಳು" ಎನ್ನಬಾರದೆಂದು ನಾಲಿಗೆ ಕಚ್ಚಿಕೊಂಡು ಕಲಿತೆ.

ನಮ್ಮಲ್ಲಿ ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದೇಶದಲ್ಲಿ ತಂದೆಯ ಸುಪರ್ದಿ ಎಂದಿರುತ್ತದೆ, ಮಗು ಬೆಳೆಯುವುದು ತಂದೆಯ ತಾಯಿಯ ಕೈಯಲ್ಲಿ. ತಾಯಿಯ ಸುಪರ್ದಿ ಎಂದಿರುತ್ತದೆ, ತಾಯಿ ಬೆಳಗಿನ ಪಾಳಿಗೆ ವಸಂತನರಸಾಪುರದ ಕಾರ್ಖಾನೆಗೆ ಹೋದ ಮೇಲೆ ನೋಡಿಕೊಳ್ಳುವವರು ಮತ್ತೊಬ್ಬ ಅಜ್ಜಿ. ಹಾಗಾಗಿ ಜಂಟಿ ಸುಪರ್ದಿ ಎನ್ನುವುದು ನಮ್ಮ ಊರುಗಳಲ್ಲಿ ಇಬ್ಬರ ಒಪ್ಪಂದವಲ್ಲ, ಎರಡು ಕುಟುಂಬಗಳದ್ದು. "ನಿಮ್ಮಮ್ಮ ಏನು ಅಡುಗೆ ಮಾಡ್ತಾಳೆ, ಮನೆಗೆ ಯಾರ್‍ಯಾರು ಬರ್ತಾರೆ" ಎಂದು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳುವ ಅಜ್ಜಿ, ಎಷ್ಟೇ ಪ್ರೀತಿಯಿಂದ ಕೇಳಿದರೂ, ಮಗುವನ್ನು ಸಾಕ್ಷಿಕಟ್ಟೆಗೆ ಹತ್ತಿಸಿದಂತೆಯೇ. ಹಿರಿಯರಿಗೆ ಇದನ್ನು ತಿಳಿಸಿ ಹೇಳಬೇಕಾದವರು ಅವರ ಅವರ ಮಕ್ಕಳು. ಸೊಸೆಯಾಗಿದ್ದವಳು ಹೇಳಿದರೆ ಕೇಳುವುದಿಲ್ಲ.

ಎರಡು ಮನೆ ಎಂದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ, ಮಗು ಎಲ್ಲಿಯೂ ಬೇರು ಬಿಡುವುದಿಲ್ಲ ಎಂದು ವಾದಿಸುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ತೀರಾ ಸಣ್ಣ ಕೂಸಿಗೆ, ಜಾಗ ಬದಲಾದರೆ ನಿದ್ದೆ ಬಾರದ ಮಗುವಿಗೆ, ಇದು ಹೊಂದುವುದಿಲ್ಲ. ಆದರೆ ನಾವೆಲ್ಲ ಎರಡು ಮನೆಗಳಲ್ಲಿ ಬೆಳೆದವರೇ ತಾನೇ. ಬೇಸಿಗೆಯ ಎರಡು ತಿಂಗಳು, ದಸರೆಯ ರಜೆ, ಜಾತ್ರೆ, ಹೀಗೆ ವರ್ಷದ ಕಾಲುಭಾಗ ನಾನು ಅಜ್ಜಿಮನೆಯಲ್ಲಿ ಇರುತ್ತಿದ್ದೆ. ಅಲ್ಲಿನ ಕಟ್ಟುಪಾಡು ಬೇರೆ, ಇಲ್ಲಿಯದು ಬೇರೆ. ಯಾವ ಮನೆಯಲ್ಲಿಯೂ ನಾನು ಪರಕೀಯಳಾಗಲಿಲ್ಲ, ಏಕೆಂದರೆ ಆ ಎರಡು ಮನೆಗಳ ನಡುವೆ ಹಗೆ ಇರಲಿಲ್ಲ. ಮಗುವನ್ನು ಅಲ್ಲಾಡಿಸುವುದು ಮನೆಗಳ ಸಂಖ್ಯೆ ಎಂದು ನಾನು ಒಪ್ಪುವುದಿಲ್ಲ.

ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಿ ಎಂಬ ಸಲಹೆಗೆ ನನ್ನ ಬಳಿ ತಾಳ್ಮೆ ಉಳಿದಿಲ್ಲ. ಲೋಕ ಅದಾಲತ್‌ನಲ್ಲಿ ಹಾರ ಬದಲಿಸಿಕೊಂಡು ಮತ್ತೆ ಒಂದಾದ ದಂಪತಿಗಳ ಚಿತ್ರ ಪತ್ರಿಕೆಯಲ್ಲಿ ಬಂದಾಗ ನನಗೂ ಸಂತೋಷವಾಗುತ್ತದೆ. ಆದರೆ ಒಂದಾಗಲಾರದವರೂ ಮಗುವಿಗೆ ತಂದೆತಾಯಿಯರಾಗಿಯೇ ಇರುತ್ತಾರೆ. ಅವರಿಗೆ ಹೇಗೆ ನಡೆದುಕೊಳ್ಳಬೇಕೆಂದು ಯಾರು ಕಲಿಸುತ್ತಾರೆ?

ಒಂದು ಕಡೆ ಮಾತ್ರ ನಾನು ಜಂಟಿ ಸುಪರ್ದಿಗೆ ಖಡಾಖಂಡಿತವಾಗಿ ವಿರೋಧ. ಹೊಡೆತ ಬಡಿತ ಇದ್ದ ಮನೆ, ಕುಡಿದು ಬಂದು ಮಗುವಿನ ಎದುರು ಕೈಯೆತ್ತಿದ ಮನೆ, ಹೆದರಿಕೆಯಲ್ಲಿಯೇ ಬದುಕಿದ ಹೆಂಗಸು ಇರುವ ಪ್ರಕರಣ. ಅಲ್ಲಿ "ಇಬ್ಬರೂ ನೇರವಾಗಿ ಮಾತಾಡಿಕೊಳ್ಳಿ" ಎಂಬ ನನ್ನ ಮಾತು ಕ್ರೂರವಾಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನೊಂದವರಿಗೆ ಮಗುವಿನ ತಾತ್ಕಾಲಿಕ ಸುಪರ್ದಿ ಕೊಡಲು, ಮಗುವಿಗೆ ಹಾನಿಯಿದ್ದರೆ ಭೇಟಿಯನ್ನೇ ನಿರಾಕರಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಅದನ್ನು ಬಳಸಿಕೊಳ್ಳಲೇಬೇಕು. ಆಸ್ಟ್ರೇಲಿಯಾದಲ್ಲಿ 2006ರಲ್ಲಿ, ತಂದೆತಾಯಿಗೆ ಸಮಾನ ಹೊಣೆ ಇರುವುದು ಮಗುವಿಗೆ ಒಳ್ಳೆಯದೆಂದು ಮೊದಲೇ ಊಹಿಸಿಕೊಂಡು ನಡೆಯುವ ನಿಯಮ ತಂದರು. ಅದನ್ನು ಜನ ಸಮಾನ ದಿನಗಳ ಹಕ್ಕೆಂದು ತಪ್ಪು ತಿಳಿದರು. ದೌರ್ಜನ್ಯವಿದ್ದ ಮನೆಯ ಮಕ್ಕಳಿಗೆ ಅಪಾಯವಾಗುತ್ತದೆಂಬ ಟೀಕೆಯೂ ಬಂತು. ಕೊನೆಗೆ 2023ರ ತಿದ್ದುಪಡಿಯಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು. ಎಲ್ಲರಿಗೂ ಅರ್ಧರ್ಧ ಎಂದು ಕಾಯ್ದೆ ಮಾಡಿ ಎನ್ನುವ ನಮ್ಮ ಸ್ನೇಹಿತರು ಇದನ್ನು ಗಮನಿಸಬೇಕು. ಪ್ರತಿ ಮಗುವಿನ ಪ್ರಕರಣವನ್ನೂ ಬಿಡಿಯಾಗಿ ನೋಡುವುದು ನಿಧಾನದ ಕೆಲಸವೇ ಹೌದು, ಆದರೆ ಮಾಡಬೇಕಾದ ಕೆಲಸ.

ಹಾಗಿಲ್ಲದ ಮನೆಗಳಲ್ಲಿ, ಬರೀ ಮನಸ್ಸು ಮುರಿದು ಬೇರೆಯಾದವರಲ್ಲಿ, ನನಗೆ ರಿಯಾಯಿತಿ ಕೊಡಲು ಮನಸ್ಸಿಲ್ಲ. ನಾಲ್ಕು ಮಾರು ದೂರ ನಡೆದು, "ಸ್ವೆಟರ್ ಮನೆಯಲ್ಲಿ ಉಳಿಯಿತು, ಮುಂದಿನ ಬಾರಿ ತರುತ್ತೇನೆ" ಎಂದು ದೊಡ್ಡವರು ದೊಡ್ಡವರಿಗೆ ಹೇಳುವುದಕ್ಕೆ ಯಾವ ನ್ಯಾಯಾಧೀಶರ ಆದೇಶ ಬೇಕು? ಮಾತು ಬಾಯಿಗೆ ಬರದಿದ್ದರೆ ವಾಟ್ಸಾಪ್ ಇದೆ. ಅದೂ ಬೇಡವಾದರೆ ಮಗುವಿನ ಚೀಲದಲ್ಲಿ ಒಂದು ಡೈರಿ ಇಡಿ, ಔಷಧ ಎಷ್ಟು ಹೊತ್ತಿಗೆ, ಹೋಂವರ್ಕ್ ಯಾವುದು ಎಂದು ಬರೆಯಿರಿ. ಚೀಲ ಹೊತ್ತ ಮಗುವಿಗೆ ಡೈರಿ ಭಾರವಾಗುವುದಿಲ್ಲ. "ಅಜ್ಜಿ ಫೋನ್ ಎತ್ತಬೇಕಂತೆ" ಎಂಬ ಮಾತು ಭಾರವಾಗುತ್ತದೆ, ಏಕೆಂದರೆ ಅದನ್ನು ಹೇಳಿದಾಗ ಅಮ್ಮನ ಮುಖ ಹೇಗಾಗುತ್ತದೆಂದು ಆ ಹುಡುಗಿಗೆ ಗೊತ್ತು. ಅವಳು ನಿಜವಾಗಿಯೂ ಮರೆತಿದ್ದಳೋ, ಹೇಳಲು ಹೆದರಿ ನಿಂತಿದ್ದಳೋ ಎಂದು ನನಗೆ ಈಗಲೂ ಅನುಮಾನವಿದೆ.

ಇದನ್ನು ಬರೆಯುತ್ತಿರುವಾಗ ನನ್ನದೇ ಇನ್ನೊಂದು ತಪ್ಪು ನೆನಪಿಗೆ ಬಂತು. ಪೋಷಕರ ಸಭೆಯ ಚೀಟಿಯನ್ನು ನಾನು ಇಷ್ಟು ವರ್ಷ ಮಕ್ಕಳ ಕೈಯಲ್ಲಿಯೇ ಕಳಿಸುತ್ತಿದ್ದೆ. "ಅಪ್ಪ ಬೇರೆ ಕಡೆ ಇದ್ದರೆ ಅವರಿಗೂ ತಿಳಿಸು" ಎಂದು ಮಗುವಿಗೇ ಹೇಳುತ್ತಿದ್ದೆ. ಈ ವರ್ಷ ನನ್ನ ತರಗತಿಯಲ್ಲಿ ಅಂಥ ಮಕ್ಕಳು ಮೂವರಿದ್ದಾರೆ. ನಿನ್ನೆ ಆ ಮೂವರ ಮನೆಯವರೊಡನೆ ಮಾತಾಡಿ, ಯಾರಿಂದಲೂ ತಕರಾರಿಲ್ಲ, ನ್ಯಾಯಾಲಯದ ನಿರ್ಬಂಧವೂ ಇಲ್ಲ ಎಂದು ಖಚಿತಪಡಿಸಿಕೊಂಡು, ಪ್ರತಿ ಮಗುವಿನ ಹೆಸರಿನ ಮುಂದೆ ಎರಡೆರಡು ಫೋನ್ ನಂಬರ್ ಬರೆದುಕೊಂಡಿದ್ದೇನೆ. ಶನಿವಾರ ಸಭೆ ಇದೆ. ಆರು ಜನಕ್ಕೂ ನಾನೇ ಫೋನ್ ಮಾಡುತ್ತೇನೆ.